ಹಿಂದಿನ ಕೋಣೆಯ ಅಣ್ಣ

ಅಪ್ಪ ಬಿಟ್ಟುಹೋದ ಕನ್ನಡಕದ ಅಂಗಡಿಯನ್ನು ಅಣ್ಣ ತಂಗಿ ಇಬ್ಬರೂ ಸೇರಿ ನಡೆಸುತ್ತಿದ್ದರು. ಮುಂದಿನ ಭಾಗ ತಂಗಿಯದು. ಗಿರಾಕಿಗಳನ್ನು ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸಿ, ಕಣ್ಣಿನ ನಂಬರು ನೋಡಿ, ಮುಖಕ್ಕೊಪ್ಪುವ ಫ್ರೇಮು ಆರಿಸಿಕೊಡುವುದು ಅವಳ ಕೆಲಸ. ಹಿಂದಿನ ಕಿರುಕೋಣೆ ಅಣ್ಣನದು. ನೀರು ತೊಟ್ಟಿಕ್ಕುವ ಸಾಣೆಯ ಚಕ್ರದ ಮುಂದೆ ಕೂತು ಅವನು ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುತ್ತಿದ್ದ. ದಿನವಿಡೀ ಉಜ್ಜುತ್ತಲೇ ಇರುತ್ತಾನೆಂದು ಬೀದಿಯವರು ಅವನನ್ನು ಉಜ್ಜಣ್ಣ ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರು ಇಷ್ಟವೇ. "ನಾನು ಉಜ್ಜೋದ್ರಿಂದ ತಾನೇ ನಿಮಗೆಲ್ಲ ಹೆಂಡತಿ ಮುಖ ಸರಿಯಾಗಿ ಕಾಣೋದು? ಬೇಜಾರಾದ್ರೆ ನನ್ನನ್ನೇ ಬೈಕೊಳ್ಳಿ," ಅನ್ನುತ್ತಿದ್ದ.

ಕೊರೋನಾ ಬಂದಾಗ ತಂಗಿಗೆ ಮೊದಲು ಹೆದರಿಕೆಯಾದದ್ದು ಅವನ ಬಗ್ಗೆ. ಅವನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂಗಡಿ ಮುಚ್ಚಿಸಿ ಮತ್ತೆ ತೆರೆಯಲು ಬಿಟ್ಟ ದಿನವೇ ಅವಳು ಅವನಿಗೆ ಕಟ್ಟಪ್ಪಣೆ ಮಾಡಿದಳು.

"ನೀನು ಹಿಂದಿನ ಬಾಗಿಲಿಂದ ಬರ್ಬೇಕು, ಹಿಂದಿನ ಬಾಗಿಲಿಂದ ಹೋಗ್ಬೇಕು. ಯಾರು ಕರೆದ್ರೂ ಈ ಪರದೆ ದಾಟಿ ಈಚೆ ಬರ್ಬಾರ್ದು."

"ಸರಿ ಕಣೇ. ಇನ್ನೇನು, ಮೂಲೇಲಿ ಕೂರಿಸಿ ಅನ್ನ ಹಾಕು," ಎಂದು ನಕ್ಕ. ಆದರೆ ಮಾತು ಮೀರಲಿಲ್ಲ. ಹಾಗೆ ನೋಡಿದರೆ ಅವನೇ ಅವಳಿಗಿಂತ ಒಂದು ಕೈ ಮೇಲು. ಒಬ್ಬರು ಹಾಕಿ ನೋಡಿದ ಫ್ರೇಮನ್ನು ಸೋಪುನೀರಿನಲ್ಲಿ ಅದ್ದಿ, ಒರೆಸಿ, ಬಿಸಿಲಿಗಿಟ್ಟು, ಆಮೇಲೆಯೇ ಮತ್ತೊಬ್ಬರಿಗೆ ಕೊಡಬೇಕೆಂಬ ಪದ್ಧತಿ ಅವನದೇ. ಮಾಸ್ಕು ಹಾಕಿಕೊಂಡು ಬಂದವರ ಗಾಜಿಗೆಲ್ಲ ಉಸಿರಿನ ಹಬೆ ಕೂರುತ್ತಿತ್ತು. "ನೀವು ಕೊಟ್ಟ ಕನ್ನಡಕ ಸರಿ ಇಲ್ಲ" ಎಂದು ಜಗಳಕ್ಕೆ ಬಂದವರಿಗೆ ಅವನು ಪರದೆಯ ಹಿಂದಿನಿಂದಲೇ ಕೂಗುತ್ತಿದ್ದ. "ಕನ್ನಡಕ ಸರಿಯಾಗೇ ಇದೆ ಸ್ವಾಮಿ, ಮಾಸ್ಕನ್ನ ಮೂಗಿನ ಮೇಲೆ ಗಟ್ಟಿಯಾಗಿ ಒತ್ತಿ. ಮೂಗು ಇರೋದೇ ಅದಕ್ಕೆ!"

ಲಸಿಕೆ ಬಂದಾಗ ತಂಗಿ ಓಡಿಹೋಗಿ ಸಾಲಿನಲ್ಲಿ ನಿಂತಳು. ಇರುವೆ ಕಚ್ಚಿದಷ್ಟೂ ಆಗಲಿಲ್ಲ ಎಂದು ಬಂದು ಹೇಳಿದಳು. ಅಣ್ಣ "ಹೌದಾ?" ಎಂದು ಗಾಜನ್ನು ಬೆಳಕಿಗೆ ಹಿಡಿದು ನೋಡತೊಡಗಿದ. ಅವನಿಗೆ ಸೂಜಿಯೆಂದರೆ ಪ್ರಾಣಭಯ. ಚಿಕ್ಕವನಿದ್ದಾಗ ಜ್ವರಕ್ಕೆ ಹಾಕಿದ ಸೂಜಿ ಕೀವುಗಟ್ಟಿ, ಅದನ್ನು ಕೊಯ್ದು ತೆಗೆಯುವಾಗ ನಾಲ್ಕು ಜನ ಅವನನ್ನು ಮೇಜಿಗೆ ಒತ್ತಿ ಹಿಡಿದಿದ್ದರಂತೆ. ಗಾಜು ಕೊಯ್ದು ಬೆರಳಿನಿಂದ ರಕ್ತ ಸುರಿದರೆ ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸುವ ಗಂಡಸು, ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿಸಿಕೊಳ್ಳಬೇಕಾದ ದಿನ ಬೆಳಗಿನಿಂದಲೇ ಬೆವರುತ್ತಿದ್ದ.

ತಂಗಿ ಬಿಡಲಿಲ್ಲ. ದಿನಾ ಬೆಳಗ್ಗೆ ಅದೇ ಮಾತು. ಪಕ್ಕದ ಚಪ್ಪಲಿ ಅಂಗಡಿಯವನೂ ಸೇರಿಕೊಂಡ. "ಏನು ಉಜ್ಜಣ್ಣ, ನಮ್ಮ ಅಜ್ಜಿ ಹಾಕಿಸ್ಕೊಂಡು ಬಂದ್ಲು. ನಿನ್ನನ್ನೂ ಸೊಂಟದ ಮೇಲೆ ಕೂರಿಸ್ಕೊಂಡು ಹೋಗು ಅಂತ ಅವಳಿಗೆ ಹೇಳ್ಲಾ?" ಬೀದಿಯೆಲ್ಲ ನಕ್ಕಿತು. ಅಣ್ಣನೂ ನಕ್ಕ. ತಂಗಿಯೂ ನಕ್ಕಳು.

ಆ ವಾರವೇ ಒಂದು ಬೆಳಗ್ಗೆ ಅವನು ಬಲಗೈ ಹಿಡಿದುಕೊಂಡು ಬಂದ. ಅಂಗಿಯ ತೋಳು ಮೇಲೆತ್ತಿ ತೋರಿಸಿದ. ಹತ್ತಿ, ಅದರ ಮೇಲೆ ಅಂಟುಪಟ್ಟಿ.

"ಆಯ್ತಪ್ಪಾ, ನಿನ್ನ ಕಾಟ ತಪ್ಪಿತು. ಮನೆ ಹತ್ರದ ಶಾಲೇಲಿ ಹಾಕ್ತಿದ್ರು. ನಿನ್ನ ಅತ್ತಿಗೆ ಎಳ್ಕೊಂಡೇ ಹೋದ್ಲು."

ತಂಗಿಗೆ ಕಣ್ಣು ತುಂಬಿ ಬಂತು. ಕೈ ಎತ್ತಲಾಗುತ್ತಿಲ್ಲ ಎಂದನಲ್ಲ, ಅಂದು ಚಕ್ರದ ಮುಂದೆ ಅವಳೇ ಕೂತಳು. ಅಣ್ಣ ಸ್ಟೂಲಿನ ಮೇಲೆ ಕಾಲು ಚಾಚಿ ಕೂತು, "ಒತ್ಬೇಡ, ಒತ್ಬೇಡ, ಗಾಜು ಅದು, ರೊಟ್ಟಿ ಅಲ್ಲ," ಎಂದು ರಾಜನ ಹಾಗೆ ಅಪ್ಪಣೆ ಕೊಡುತ್ತಿದ್ದ. ಎರಡು ಗಾಜು ಒಡೆದವು. ಇಬ್ಬರಿಗೂ ನಕ್ಕು ನಕ್ಕು ಸಾಕಾಯಿತು. ಎರಡನೆಯ ಸೂಜಿಯ ಹೊತ್ತಿಗೆ ಅವಳು ಕೇಳುವ ಮೊದಲೇ ಅವನು "ಅದೂ ಆಯ್ತು" ಎಂದುಬಿಟ್ಟ.

ಅಂದಿನಿಂದ ಪರದೆ ಮೇಲಕ್ಕೆ ಹೋಯಿತು. ಅಣ್ಣ ಮುಂದೆ ಬಂದು ಕೂರತೊಡಗಿದ. ಮೊದಮೊದಲು ಅವನು ಹಿಂದೆ ಮುಂದೆ ನೋಡಿದ್ದುಂಟು. "ನಾನು ಒಳಗೇ ಇರ್ತೀನಿ ಬಿಡೇ, ನನಗಲ್ಲೇ ಅಭ್ಯಾಸ," ಎಂದಿದ್ದ. ಅವಳೇ ಕೈಹಿಡಿದು ಎಳೆದು ತಂದಳು. "ಸಾಕು ಬಾರೋ, ಇನ್ನೆಷ್ಟು ದಿನ ಬಿಲದಲ್ಲಿ ಇರ್ತೀಯಾ?" ಅವಳಿಗೆ ಜ್ವರ ಬಂದು ಮನೆಯಲ್ಲಿ ಮಲಗಿದ್ದ ದಿನಗಳಲ್ಲಿ ಅಂಗಡಿಯನ್ನು ಪೂರ್ತಿ ಅವನೇ ನೋಡಿಕೊಂಡ. ಜನರ ಮುಖಕ್ಕೆ ಮುಖ ಕೊಟ್ಟು, ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸರಿಮಾಡಿದ.

ಆಮೇಲೆ ಕೆಮ್ಮು ಶುರುವಾಯಿತು. ಗಾಜಿನ ಪುಡಿ ಗಂಟಲಿಗೆ ಹೋಗಿರಬೇಕು ಎಂದ. ಜ್ವರ ಬಂದಾಗಲೂ ತಂಗಿ ಧೈರ್ಯವಾಗಿದ್ದಳು. ಎರಡೂ ಸೂಜಿ ಆಗಿದೆ, ಬಂದರೂ ನೆಗಡಿಯ ಹಾಗೆ ಬಂದು ಹೋಗುತ್ತದೆ ಎಂದು ಅತ್ತಿಗೆಗೆ ಅವಳೇ ಸಮಾಧಾನ ಹೇಳಿದಳು. ಅತ್ತಿಗೆಯೂ ಅದನ್ನೇ ನೆಚ್ಚಿಕೊಂಡು ಮನೆಯಲ್ಲೇ ಕಷಾಯ ಕುಡಿಸುತ್ತ ಕೂತಳು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಅವನಿಗೆ ಮಾತು ಮುಗಿಸಲು ಉಸಿರು ಸಾಲುತ್ತಿರಲಿಲ್ಲ. ಒಳಗೆ ಯಾರನ್ನೂ ಬಿಡಲಿಲ್ಲ. ಒಬ್ಬ ವಾರ್ಡಿನವನು ದೊಡ್ಡ ಮನಸ್ಸು ಮಾಡಿ ಫೋನು ಹಿಡಿದು ಮುಖ ತೋರಿಸಿದ. ಆಮ್ಲಜನಕದ ಮಾಸ್ಕಿನ ಕೆಳಗೆ ಅಣ್ಣ ಏನೋ ಹೇಳಿದ. ಕೇಳಿಸಲಿಲ್ಲ. "ಹೇಳ್ಬೇಡ ಕಣೋ, ಸುಮ್ನಿರು, ಬಂದ್ಮೇಲೆ ಹೇಳುವಿಯಂತೆ," ಎಂದಳು ತಂಗಿ.

ಬರಲಿಲ್ಲ. ಕಟ್ಟಿ ಸುತ್ತಿದ ದೇಹವನ್ನು ದೂರದಿಂದ ನೋಡಿದರು, ಅಷ್ಟೇ. ಆ ಗಂಟು ಅವನೇ ಹೌದೋ ಅಲ್ಲವೋ ಎಂದು ಕೇಳುವವರೂ ಇರಲಿಲ್ಲ.

ಅತ್ತಿಗೆಗೂ ಜೊತೆಯಲ್ಲೇ ಇದ್ದ ಅವಳ ಅಮ್ಮನಿಗೂ ಸೋಂಕು ತಗಲಿರಬಹುದೆಂದು ಮನೆಬಾಗಿಲು ಮುಚ್ಚಿಸಿದ್ದರು. ಪುಣ್ಯಕ್ಕೆ ತಗಲಿರಲಿಲ್ಲ. ಆದರೂ ಹೋಗಿ ತಬ್ಬಿಕೊಂಡು ಅಳುವಂತಿರಲಿಲ್ಲ. ಫೋನಿನಲ್ಲೇ ಅತ್ತರು. ಅಳುವಿನ ನಡುವೆ ಅತ್ತಿಗೆ ಹೇಳಿದಳು:

"ಎರಡೆರಡು ಸೂಜಿ ಚುಚ್ಚಿಸ್ಕೊಂಡ್ರಲ್ಲೇ, ಅಷ್ಟು ಹೆದರೋ ಮನುಷ್ಯ. ನಿನ್ನ ಜೊತೆ ಬಂದು ಹಾಕಿಸ್ಕೊಂಡ ದಿನ ಮನೆಗೆ ಬಂದು ಎಡಗೈ ಎತ್ತೋಕಾಗಲ್ಲ ಅಂತ ಒದ್ದಾಡಿಬಿಟ್ರು. ರಾತ್ರಿಯೆಲ್ಲ ಬಿಸಿನೀರಿನ ಶಾಖ ಕೊಟ್ಟೆ. ಏನು ಬಂತು?"



"ನನ್ನ ಜೊತೆನಾ?"

"ನಿನ್ನ ಜೊತೆನೇ ಅಲ್ವಾ? ನೀನೇ ಬಲವಂತವಾಗಿ ಕರ್ಕೊಂಡು ಹೋದೆ ಅಂದ್ರು."

ಇವಳಿಗೆ ಎಲ್ಲವೂ ಅರ್ಥವಾಯಿತು. ಇಲ್ಲಿ ಬಲಗೈ, ಅಲ್ಲಿ ಎಡಗೈ. ಇಲ್ಲಿ ಅತ್ತಿಗೆಯ ಹೆಸರು, ಅಲ್ಲಿ ತಂಗಿಯ ಹೆಸರು. ಅಣ್ಣ ಎಲ್ಲಿಯೂ ಹಾಕಿಸಿಕೊಂಡಿರಲಿಲ್ಲ.

"ಹೂಂ," ಅಂದಳು. ಗಂಡ ಸತ್ತು ಎರಡು ದಿನವೂ ಆಗದ ಹೆಂಗಸಿಗೆ ಬೇರೇನನ್ನೂ ಹೇಳಲು ಅವಳಿಗೆ ನಾಲಗೆ ಏಳಲಿಲ್ಲ.

ಆ ಹೂಂ ಅವಳನ್ನು ತಿನ್ನತೊಡಗಿತು. ಅಂಗಡಿಯಲ್ಲಿ ಗಿರಾಕಿಯ ಕಣ್ಣಿಗೆ ಗಾಜು ಬದಲಾಯಿಸುತ್ತಿದ್ದಾಗ, ಅವನನ್ನು ಕೈಹಿಡಿದು ಪರದೆಯಿಂದಾಚೆ ಎಳೆದದ್ದು ನೆನಪಾಗಿ ಲೆಕ್ಕ ತಪ್ಪುತ್ತಿತ್ತು. ಅವತ್ತಾದರೂ ಬಾಯಿಬಿಡಬಾರದಿತ್ತೇ? ಇಲ್ಲ ಕಣೇ, ಹಾಕಿಸ್ಕೊಂಡಿಲ್ಲ, ನನಗೆ ಭಯ ಎಂದಿದ್ದರೆ ಏನಾಗುತ್ತಿತ್ತು? ಬೈಯುತ್ತಿದ್ದಳು. ಚಪ್ಪಲಿ ಅಂಗಡಿಯವನು ಇನ್ನೆರಡು ದಿನ ನಗುತ್ತಿದ್ದ. ಅಷ್ಟು ನಗು ಅವನಿಗೆ ತಡೆಯಲಾಗಲಿಲ್ಲವೇ? ಸಿಟ್ಟು ಬರುತ್ತಿತ್ತು. ಮರುಕ್ಷಣ ಆ ಸಿಟ್ಟಿಗೇ ನಾಚಿಕೆಯಾಗುತ್ತಿತ್ತು.

ಹೀಗೇ ಒಳಗೊಳಗೇ ಇಟ್ಟುಕೊಂಡು ಇದ್ದುಬಿಡುತ್ತಿದ್ದಳೋ ಏನೋ. ಆದರೆ ಒಂದು ದಿನ ಆರೋಗ್ಯ ಕೇಂದ್ರದ ನರ್ಸಮ್ಮ ಕನ್ನಡಕದ ಕಡ್ಡಿ ಮುರಿದಿದೆ ಎಂದು ಅಂಗಡಿಗೆ ಬಂದಳು. ನಡೆಯಲಾಗದವರಿಗೆ ಮನೆಮನೆಗೆ ಹೋಗಿ ಲಸಿಕೆ ಹಾಕುವ ಕೆಲಸ ಅವಳದು.

"ನಿಮ್ಮ ಅತ್ತಿಗೆಗೆ ನೀವಾದ್ರೂ ಒಂದು ಮಾತು ಹೇಳಿ. ಅವರ ಅಮ್ಮ ಹಾಸಿಗೆ ಹಿಡಿದಿದ್ದಾರೆ, ವಯಸ್ಸಾಗಿದೆ. ನಾನು ಹೋದ್ರೆ ಬಾಗಿಲು ತೆಗೆಯಲ್ಲ. ಹಾಕಿಸ್ಕೊಂಡವರೇ ಉಳೀಲಿಲ್ಲ, ನಮಗ್ಯಾಕೆ ಅಂತಾರೆ. ಈಗ ಅವರ ಮನೆಯಿರೋ ಆ ಕಟ್ಟಡದಲ್ಲಿ ಯಾರನ್ನ ಕೇಳಿದ್ರೂ ಅದೇ ಮಾತು. ಉಜ್ಜಣ್ಣ ಎರಡು ಹಾಕಿಸ್ಕೊಂಡೂ ಸತ್ತ ಅಂತ."

ತಂಗಿ ಕಡ್ಡಿಗೆ ಸ್ಕ್ರೂ ಹಾಕಲು ಹೋದಳು. ಅದು ಕೈಜಾರಿ ಎಲ್ಲೋ ಬಿದ್ದುಹೋಯಿತು.

ಅಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ ಅತ್ತಿಗೆಯ ಮನೆಗೆ ಹೋದಳು. ಅತ್ತಿಗೆ ಅಡುಗೆಮನೆಯ ನೆಲದಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಒಳಕೋಣೆಯಿಂದ ಅವಳ ಅಮ್ಮನ ಗೊರಕೆ ಕೇಳುತ್ತಿತ್ತು. ತಂಗಿ ಎದುರಿಗೆ ಕೂತಳು. ಸುತ್ತಿ ಬಳಸಿ ಹೇಳಲು ಮನೆಯಿಂದ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ಇಷ್ಟೇ:

"ಅತ್ತಿಗೆ, ಅಣ್ಣ ನನ್ನ ಜೊತೆ ಬಂದು ಹಾಕಿಸ್ಕೊಂಡಿರಲಿಲ್ಲ."

"ಮತ್ತೆ ಯಾರ ಜೊತೆ?"

"ನಿಮ್ಮ ಜೊತೆ ಅಂತ ನನಗೆ ಹೇಳಿದ್ದ."

ಅತ್ತಿಗೆಯ ಚಾಕು ನಿಂತಿತು.

"ಸತ್ತವರ ಮೇಲೆ ಯಾಕೆ ಹೀಗೆಲ್ಲ ಹೊರಿಸ್ತೀಯಾ?"

"ನನ್ನ ಹತ್ರ ಬಲಗೈ ತೋರಿಸಿದ್ದ, ಅತ್ತಿಗೆ. ಅಂಟುಪಟ್ಟಿ ಹಾಕ್ಕೊಂಡು ಬಂದಿದ್ದ. ಬಲಗೈ ಎತ್ತೋಕಾಗ್ತಿಲ್ಲ ಅಂತ ಇಡೀ ದಿನ ನನ್ನ ಕೈಲಿ ಗಾಜು ಉಜ್ಜಿಸಿದ."

ಅತ್ತಿಗೆ ಹೆಚ್ಚಿದ ತರಕಾರಿಯನ್ನು ಒಂದು ಕಡೆ ಗುಡ್ಡೆ ಮಾಡಿದಳು. ಮತ್ತೆ ಹರಡಿದಳು.

"ಅಂಟುಪಟ್ಟಿ ನಾನೇ ಕೊಟ್ಟೆ," ಅಂದಳು ಕೊನೆಗೆ. "ಗಾಜು ತಗುಲಿ ಬೆರಳು ಕುಯ್ಕೊಂಡಿದೆ, ಕೊಡು ಅಂತ ತಗೊಂಡ್ರು. ಹತ್ತಿನೂ ಕೇಳಿದ್ರು." ಅವಳ ಗಂಟಲಿಂದ ನಗುವಿನಂಥದ್ದೇನೋ ಬಂತು. "ಎಡಗೈಗೆ ಶಾಖ ಕೊಡ್ತಿದ್ರೆ ಅಯ್ಯೋ ಅಮ್ಮಾ ಅಂತಿದ್ರು ಕಣೇ. ಸ್ವಲ್ಪ ಮೆಲ್ಲಗೆ ಅಂತಿದ್ರು."

ಇಬ್ಬರೂ ಅತ್ತರು. ಬಹಳ ಹೊತ್ತು. ಇದಾದ ಮೇಲೆ ಮನಸ್ಸು ಹಗುರಾಗುತ್ತದೆಂದು ತಂಗಿ ಅಂದುಕೊಂಡಿದ್ದಳು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದ ಧ್ವನಿಯೇ ಬೇರೆಯಾಗಿತ್ತು.

"ಅವತ್ತು ಫೋನಲ್ಲಿ ಕೇಳ್ದಾಗ ನೀನು ಹೂಂ ಅಂದ್ಯಲ್ಲ?"

"ಹೇಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ, ಅತ್ತಿಗೆ."

"ಅವರೂ ಹೀಗೇ ಅಂದ್ಕೊಂಡಿರ್ಬೇಕು. ಅಣ್ಣ ತಂಗಿ ಇಬ್ಬರಿಗೂ ಒಂದೇ ಬುದ್ಧಿ. ನಾನೊಬ್ಬಳು ಪೆದ್ದಿ, ಆ ಕಡೆಯಿಂದ ಅವರು ಹೇಳಿದ್ದನ್ನೂ ನಂಬಿದೆ, ಈ ಕಡೆಯಿಂದ ನೀನು ಹೇಳಿದ್ದನ್ನೂ ನಂಬಿದೆ. ಜ್ವರ ಬಂದ ದಿನವೇ ಗೊತ್ತಿದ್ದಿದ್ರೆ ಆಸ್ಪತ್ರೆಗೆ ಎತ್ಕೊಂಡು ಓಡ್ತಿದ್ದೆ. ಕೂತು ಕಷಾಯ ಕಾಯಿಸ್ತಿರಲಿಲ್ಲ." ಅವಳು ಚಾಕು ಎತ್ತಿಕೊಂಡಳು. "ಮನೆಗೆ ಹೋಗು. ನನಗೆ ಅಡುಗೆ ಇದೆ."

ಮರುದಿನ ಅತ್ತಿಗೆ ತಾನೇ ನರ್ಸಮ್ಮನಿಗೆ ಹೇಳಿಕಳಿಸಿದಳು. ಅಮ್ಮನಿಗೂ ಹಾಕಿಸಿದಳು, ತಾನೂ ಹಾಕಿಸಿಕೊಂಡಳು. ಅಷ್ಟಕ್ಕೇ ಬಿಡಲಿಲ್ಲ. ಕಟ್ಟಡದ ಒಂದೊಂದು ಮನೆಯ ಬಾಗಿಲು ತಟ್ಟಿ, "ನಮ್ಮವರು ಹಾಕಿಸ್ಕೊಂಡಿರಲಿಲ್ಲ. ಸುಳ್ಳು ಹೇಳಿದ್ರು. ನಿಮ್ಮ ಹಟ ಬಿಟ್ಟು ಹಾಕಿಸ್ಕೊಳ್ಳಿ," ಎಂದು ಹೇಳಿ ಬಂದಳು. ಇದನ್ನು ತಂಗಿಗೆ ಹೇಳಿದ್ದು ನರ್ಸಮ್ಮ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. "ಎಂಥ ಧೈರ್ಯ ಅಂತೀರಿ!"

ಧೈರ್ಯಕ್ಕೆ ಸಿಕ್ಕ ಫಲ ಬೇರೆ. ಅಲ್ಲಿಯವರೆಗೆ ಅಯ್ಯೋ ಪಾಪ ಎನ್ನುತ್ತಿದ್ದ ಜನ ಈಗ ರಾಗ ಬದಲಿಸಿದರು. ತಾನೇ ತಂದುಕೊಂಡ ಅಂದರು. ಹೆಂಡತಿಯನ್ನೂ ಬಲಿ ಕೊಡುತ್ತಿದ್ದ ಅಂದರು. ಚಪ್ಪಲಿ ಅಂಗಡಿಯವನು ತಂಗಿಯ ಹತ್ತಿರ ಬಂದು, "ನಾನು ಅವತ್ತೇ ಹೇಳಿದ್ದೆ, ಕೇಳಿದ್ನಾ?" ಎಂದ. ಅವಳು ಅವನ ಮುಖಕ್ಕೇ ಬಾಗಿಲು ಹಾಕಿದಳು. ಆ ಕಟ್ಟಡದಲ್ಲಿ ಬಹಳ ಜನ ಹಾಕಿಸಿಕೊಂಡರೆನ್ನುವುದು ನಿಜ. ಅವರಲ್ಲಿ ಒಬ್ಬರೂ ಅತ್ತಿಗೆಯ ಮನೆಗೆ ಬಂದು ಒಂದು ಗಳಿಗೆ ಕೂರಲಿಲ್ಲ.

ಅತ್ತಿಗೆ ತಂಗಿಯೊಡನೆ ಮಾತು ಬಿಡಲಿಲ್ಲ. ಫೋನು ಮಾಡಿದರೆ ಎತ್ತುತ್ತಾಳೆ. ಊಟ ಆಯ್ತಾ ಎಂದು ಕೇಳುತ್ತಾಳೆ. ಆದರೆ ಅಣ್ಣನ ವಿಷಯ ಬಂದ ಕೂಡಲೇ "ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದು ಇಟ್ಟುಬಿಡುತ್ತಾಳೆ. ಅಣ್ಣನನ್ನು ನೆನೆದು ಒಟ್ಟಿಗೆ ಅಳಬಹುದಾಗಿದ್ದ ಒಬ್ಬಳೇ ಒಬ್ಬಳು ಹೀಗೆ ಕೈಜಾರಿದಳು.

ಈಗ ಅಂಗಡಿಯಲ್ಲಿ ತಂಗಿ ಒಬ್ಬಳೇ. ಗಾಜು ಉಜ್ಜಿಸಲು ಬೇರೆ ಕಡೆ ಕೊಟ್ಟುಕಳಿಸುತ್ತಾಳೆ. ಬಹಳ ದಿನದ ಮೇಲೆ ಬರುವ ಹಳೆಯ ಗಿರಾಕಿಗಳು ಒಳಗೆ ಇಣುಕಿ ಕೇಳುತ್ತಾರೆ. ಮೊನ್ನೆಯೂ ಒಬ್ಬ ಮುದುಕರು ಬಂದಿದ್ದರು.

"ಎಲ್ಲಿ ಕಣಮ್ಮಾ ನಿಮ್ಮ ಉಜ್ಜಣ್ಣ? ದನಿಯೇ ಇಲ್ಲ?"

"ಕೊರೋನಾದಲ್ಲಿ ಹೋಗ್ಬಿಟ್ಟ."

"ಅಯ್ಯೋ." ಅವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಆಮೇಲೆ, ಎಲ್ಲರೂ ಕೇಳುವುದನ್ನೇ ಕೇಳಿದರು. "ಸೂಜಿ ಹಾಕಿಸ್ಕೊಂಡಿರಲಿಲ್ವಾ?"

"ಇಲ್ಲ."

"ಓ, ಹಾಗಾ," ಅಂದರು ಮುದುಕರು. ಅವರ ಭುಜ ಸಡಿಲಾದದ್ದು ಅವಳಿಗೆ ಕಾಣಿಸಿತು. ಪ್ರತಿ ಸಲವೂ ಕಾಣಿಸುತ್ತದೆ. ತಾವು ಹಾಕಿಸಿಕೊಂಡಿದ್ದೇವಲ್ಲ ಎಂಬ ಆ ನಿರಾಳ.

ಅವಳಿಗೆ ಅವರ ಮೇಲೆ ಕೋಪ ಬರಲಿಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಕಡೆ ಬೆರಳು ತೋರಿಸಿದಳು.

"ಮೇಲಿನ ಸಾಲಿಂದ ಓದಿ, ತಾತ. ನಿಧಾನವಾಗಿ."