ಮೂವತ್ತೈದನೆಯ ದಿನದ ಅತಿಥಿಗಳು

ಬಂದ ಸಂಜೆಯೇ ಅವರು ಸ್ನಾನದ ತೊಟ್ಟಿಯ ನೀರನ್ನೆಲ್ಲ ಹರಿಯಬಿಟ್ಟಿದ್ದರು. ಹೊರಗೆ ಮೈ ತೊಳೆದುಕೊಂಡು, ಒಬ್ಬರ ನಂತರ ಒಬ್ಬರು ಇಳಿದು ಕೂರಬೇಕಾದ ಬಿಸಿನೀರು ಅದು. ಅತಿಥಿಗಳೆಂದು ಕಿನುಯೊ ಮೊದಲ ಸರದಿ ಅವರಿಗೇ ಬಿಟ್ಟಿದ್ದಳು. ವೆಂಡೆಲ್ ಎದ್ದು ಬರುವಾಗ ಬಿರಡೆ ಕಿತ್ತು, ಮುದುಕಿಗೆ ತೊಳೆಯುವ ಕೆಲಸ ತಪ್ಪಿಸಿದೆನೆಂದು ಹಲ್ಲು ಕಿರಿದ. ಎಪ್ಪತ್ತೊಂದು ವರ್ಷದ ಕಿನುಯೊ ಅಂದು ತಣ್ಣೀರಿನಲ್ಲಿ ಕಾಲು ತೊಳೆದು ಮಲಗಿದಳು. "ಪರವಾಗಿಲ್ಲ" ಎಂದಳು. ಯಾರು ಏನೇ ಮಾಡಿದರೂ ಅವಳ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಅದೇ ಅವಳಿಗೆ ಅಂಟಿದ ಶನಿ.

ವೆಂಡೆಲ್ ಮತ್ತು ಅವನ ಹೆಂಡತಿ ಲೋರ್ನಾ ಅಮೆರಿಕದಿಂದ ಹತ್ತು ದಿನದ ಮಟ್ಟಿಗೆ ಜಪಾನನ್ನು ಉದ್ಧಾರ ಮಾಡಲು ಬಂದಿದ್ದರು. ಹತ್ತರಲ್ಲಿ ಎರಡು ದಿನ ವಿಮಾನದಲ್ಲೇ ಕಳೆದಿತ್ತು. ಬಂದರಿನ ಆ ಊರಿನ ಇಗರ್ಜಿಗೆ ಇದ್ದ ಸದಸ್ಯರು ಏಳೇ ಜನ, ಕಿನುಯೊ ಅವರಲ್ಲೊಬ್ಬಳು. ಅತಿಥಿಗಳಿಗೆಂದು ಅವಳ ಮನೆಯ ಮಹಡಿಯ ಕೋಣೆಯನ್ನು ಪಾದ್ರಿ ಒಗಾತಾ ಆರು ತಿಂಗಳ ಹಿಂದೆಯೇ ಕೇಳಿಟ್ಟಿದ್ದರು. ಅಷ್ಟರಲ್ಲಿ ಅವಳ ಗಂಡ ತಮೋತ್ಸು ತೀರಿಕೊಂಡ. "ಇಂಥಾ ಹೊತ್ತಲ್ಲಿ ನಿಮಗೆ ತೊಂದರೆ ಆಗುತ್ತೇನೋ" ಎಂದು ಒಗಾತಾ ಬಾಗಿಲಲ್ಲೇ ನಿಂತು ಕೈ ಹೊಸೆದಾಗಲೂ ಅವಳು ಪರವಾಗಿಲ್ಲ ಎಂದೇ ಹೇಳಿದ್ದಳು.

ತಮೋತ್ಸು ಇಗರ್ಜಿಯ ಮೆಟ್ಟಿಲು ಹತ್ತಿದವನಲ್ಲ. ಭಾನುವಾರ ಹೆಂಡತಿಯನ್ನು ಸ್ಕೂಟರಿನಲ್ಲಿ ಅಲ್ಲಿಗೆ ಬಿಟ್ಟು, ತಾನು ಧಕ್ಕೆಯ ಮೇಲೆ ಗಾಳ ಹಾಕಿ ಕೂರುತ್ತಿದ್ದ. ಈಗ ಅವನ ಅಸ್ಥಿಯ ಭರಣಿ ಬಿಳಿ ಜರಿಬಟ್ಟೆ ಹೊದ್ದು ಒಳಕೋಣೆಯಲ್ಲಿ ಕೂತಿತ್ತು. ಸತ್ತ ನಲವತ್ತೊಂಬತ್ತನೆಯ ದಿನ ಅದನ್ನು ಬೌದ್ಧ ದೇವಾಲಯದ ಹಿಂದಿನ ಕುಟುಂಬದ ಸಮಾಧಿಯಲ್ಲಿ ಇಡಬೇಕು. ಆ ಸಮಾಧಿ ತಮೋತ್ಸುವಿನ ಅಣ್ಣ ಶಿಗೆಝೋನ ಕೈಯಲ್ಲಿತ್ತು. ಮಕ್ಕಳಿಲ್ಲದ ತಮ್ಮನಿಗೆ ಅಲ್ಲಿ ಜಾಗ ಕೊಡಲು ಅವನು ಒಪ್ಪಿದ್ದ. ಗಂಡನ ಹೆಸರಿನ ಪಕ್ಕದಲ್ಲೇ ಬದುಕಿರುವ ಹೆಂಡತಿಯ ಹೆಸರನ್ನೂ ಕೆತ್ತಿ ಕೆಂಪು ಬಣ್ಣ ತುಂಬುವುದು, ಅವಳು ಸತ್ತ ಮೇಲೆ ಕೆಂಪು ಅಳಿಸುವುದು ಅಲ್ಲಿಯ ರೂಢಿ. ಅದಕ್ಕೂ ಅವನು ಹೂಂ ಎಂದಿದ್ದ. ಒಂದೇ ಒಂದು ಷರತ್ತು. "ನಿನ್ನ ಯೇಸು ನಿನ್ನ ಹೊಟ್ಟೆಯೊಳಗೇ ಇರ್ಲಿ. ನಮ್ಮ ಮನೆ ಸತ್ತವರ ಮುಂದೆ ತಂದು ಕೂರಿಸ್ಬೇಡ."

ಕಿನುಯೊಗೆ ಬೇಕಾಗಿದ್ದುದು ಅಷ್ಟೇ, ಸತ್ತ ಮೇಲೆ ಅವನ ಪಕ್ಕದಲ್ಲಿ ಇರುವುದು. ನಲವತ್ತಾರು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವಳಿಗೆ ಸ್ವರ್ಗದ ಚಿಂತೆಗಿಂತ ಇದೇ ಹೆಚ್ಚಾಗಿತ್ತು. ಇದನ್ನು ಅವಳು ಪಾದ್ರಿಗೆ ಹೇಳಿರಲಿಲ್ಲ.

ಮೂವತ್ತೈದನೆಯ ದಿನದ ಪೂಜೆಗೆ ಶಿಗೆಝೋ ಹೆಂಡತಿಯೊಡನೆ ಬರುವವನಿದ್ದ. ಹಿಂದಿನ ದಿನ ವೆಂಡೆಲ್ ಒಗಾತಾರ ಮೂಲಕ ಕೇಳಿಸಿದ: "ನಿಮ್ಮ ನೆಂಟರ ಮುಂದೆ ನಾವೂ ಒಂದು ಸಣ್ಣ ಪ್ರಾರ್ಥನೆ ಮಾಡಬಹುದಾ?"

ಕಿನುಯೊ ತಲೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡು, "ಅದು ಹೇಗಿರುತ್ತೋ... ನೋಡೋಣ" ಎಂದಳು. ಆ ಊರಿನಲ್ಲಿ ಇದಕ್ಕಿಂತ ಗಟ್ಟಿಯಾಗಿ ಯಾರೂ ಬೇಡ ಎನ್ನುವುದಿಲ್ಲ. ಅದು ಒಗಾತಾರಿಗೂ ಚೆನ್ನಾಗಿ ಗೊತ್ತು. ಆದರೆ ಇಗರ್ಜಿಯ ಸೋರುವ ಮಾಡಿಗೆ ಅಮೆರಿಕದವರ ದುಡ್ಡಿನ ಕಡೆ ನೋಡುತ್ತಿದ್ದ ಆ ಪುಣ್ಯಾತ್ಮ, ನೋಡೋಣ ಅಂತಿದ್ದಾರೆ ಎಂದಷ್ಟೇ ಹೇಳಿ ಕೈತೊಳೆದುಕೊಂಡರು. ಲೋರ್ನಾ ಚಪ್ಪಾಳೆ ತಟ್ಟಿದಳು.

ಮರುದಿನ ಮಧ್ಯಾಹ್ನ ಭಿಕ್ಷು ಮಂತ್ರ ಮುಗಿಸಿ ಹೋದ. ಶಿಗೆಝೋ ಸಾಕೆ ಮದ್ಯದ ಬಟ್ಟಲು ಕೈಗೆತ್ತಿಕೊಂಡಿದ್ದ. ಮಹಡಿಯಿಂದ ಗಂಡಹೆಂಡಿರು, ಒಗಾತಾ ಮೂವರೂ ಇಳಿದು ಬಂದರು. ವೆಂಡೆಲ್ ಯಾರ ಮುಖವನ್ನೂ ನೋಡದೆ ಭರಣಿಯ ಮುಂದೆ ಮೊಣಕಾಲೂರಿ, ಜರಿಬಟ್ಟೆಯ ಮೇಲೆ ಅಗಲವಾದ ಅಂಗೈ ಊರಿ ದೊಡ್ಡ ದನಿ ತೆಗೆದ. ಲೋರ್ನಾ ಆಗಲೇ ಕಣ್ಣೀರು ಸುರಿಸುತ್ತಿದ್ದಳು. ತಾನು ಒಮ್ಮೆಯೂ ಕಾಣದ ಗಂಡಸಿಗಾಗಿ!

ಒಗಾತಾ ನೆಲ ನೋಡುತ್ತ ಅನುವಾದಿಸಿದರು. "ಕರ್ತನೇ, ಈ ಮನುಷ್ಯ ನಿನ್ನನ್ನು ಅರಿಯದೆ ಹೋಗಿಬಿಟ್ಟ. ಅವನಿಗೆ ಕಾಲ ಮೀರಿತು. ಅವನು ಹೋದ ಕತ್ತಲಿಗೆ ಈ ಮನೆಯ ಇನ್ಯಾರೂ..." ಅಲ್ಲಿಗೆ ಅವರ ದನಿ ಉಡುಗಿತು.

"ಮುಂದೆ ಹೇಳಿ ಸ್ವಾಮಿ, ಯಾಕೆ ನಿಲ್ಲಿಸಿದ್ರಿ?" ಎಂದ ಶಿಗೆಝೋ. "ನನ್ನ ತಮ್ಮ ನರಕಕ್ಕೆ ಬಿದ್ದ ಅಂತ ತಾನೇ ಇವನು ಅಂತಿರೋದು? ಅವನ ಮನೇಲೇ ಉಂಡು, ಅವನ ಮೂಳೆ ಮೇಲೆ ಕೈ ಇಟ್ಕೊಂಡು!" ಆಮೇಲೆ ಅವನು ಕಿನುಯೊ ಕಡೆ ತಿರುಗಿದ. "ನೀನು ಹೇಳು. ನಿನ್ನ ಗಂಡ ನರಕದಲ್ಲಿದ್ದಾನಾ?"

ಇಲ್ಲ ಎಂದು ಕೂಗಬೇಕೆನಿಸಿತು. ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಅವಳ ಮೇಲಿತ್ತು. ಜೀವಮಾನವೆಲ್ಲ ಯಾರಿಗೂ ಇಲ್ಲ ಎಂದವಳಲ್ಲ, ನಾಲಿಗೆ ಅಂಟಿಕೊಂಡಿತು.

"ಸರಿ, ಗೊತ್ತಾಯ್ತು" ಎಂದ ಶಿಗೆಝೋ. "ಭರಣೀನ ಈಗಲೇ ತಗೊಂಡು ಹೋಗ್ತೀನಿ. ಕೆತ್ತೋನಿಗೆ ನಿನ್ನ ಹೆಸರು ಬೇಡ ಅಂತ ಹೇಳ್ತೀನಿ. ನಲವತ್ತೊಂಬತ್ತನೇ ದಿನಕ್ಕೆ ನೀನು ಬರೋದು ಬೇಡ." ಕಟ್ಟಲು ಬಟ್ಟೆ ತರಲು ಅವನು ಕಾರಿನ ಕಡೆ ಹೋದ. ಅವನ ಹೆಂಡತಿಯೂ ಮುಖ ತಿರುಗಿಸಿಕೊಂಡು ಹಿಂದೆಯೇ ನಡೆದಳು.

ಲೋರ್ನಾ ಓಡಿ ಬಂದು ಕಿನುಯೊಳನ್ನು ತಬ್ಬಿಕೊಂಡಳು. "ನಿಮ್ಮ ವಿಶ್ವಾಸ ದೊಡ್ಡದು ಅಂತಿದ್ದಾರೆ" ಎಂದರು ಒಗಾತಾ. "ಊರಿಗೆ ಹೋಗಿ ಎಲ್ಲರಿಗೂ ನಿಮ್ಮ ಸಾಕ್ಷಿ ಹೇಳ್ತಾರಂತೆ."

ಕಿನುಯೊ ಆ ತೋಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಅವರಿಗೆ ಹೇಳಿ, ನನ್ನ ಮನೆಯಿಂದ ಹೊರಡ್ಲಿ. ಈಗಲೇ."

ಒಗಾತಾ ಇಂಗ್ಲಿಷಿನಲ್ಲಿ ಏನೋ ಗೊಣಗಿದರು. ಗಂಡಹೆಂಡಿರು ಮರುಕದಿಂದ ತಲೆಯಾಡಿಸಿ ಅವಳ ಭುಜ ತಟ್ಟಿದರು. ಸುಸ್ತಾಗಿದ್ದಾರೆ ಎಂದಿರಬೇಕು, ಮಹಾಶಯ! ಕಿನುಯೊ ಮಹಡಿ ಹತ್ತಿ ಅವರ ಎರಡೂ ಪೆಟ್ಟಿಗೆಗಳನ್ನು ದಡದಡ ಎಳೆದು ತಂದು ಹೊಸ್ತಿಲಾಚೆ ದೂಡಿದಳು. ಅವರ ಬೂಟುಗಳನ್ನು ಮೂತಿ ಬೀದಿಗಿರುವಂತೆ ತಿರುಗಿಸಿ ಜೋಡಿಸಿಟ್ಟಳು. ಅದಕ್ಕೆ ಅನುವಾದ ಬೇಕಾಗಲಿಲ್ಲ. ವೆಂಡೆಲ್‌ನ ಮುಖ ಕೆಂಪಗಾಯಿತು.

"ಕಿನುಯೊ ಅವರೇ, ದೂರದಿಂದ ಬಂದೋರು..." ಎಂದರು ಒಗಾತಾ.

"ನಿಮ್ಮ ಚಪ್ಪಲೀನೂ ಅಲ್ಲೇ ಇದೆ, ಪಾದ್ರಿಗಳೇ."

ಅವರು ಹೋದ ಮೇಲೆ ಅವಳು ಒಳಕೋಣೆಗೆ ಬಂದು ಭರಣಿಯ ಗಂಟು ಬಿಚ್ಚಿ ಮುಚ್ಚಳ ತೆಗೆದಳು. ಎಲ್ಲಕ್ಕಿಂತ ಮೇಲೆ ಗಂಟಲ ಮೂಳೆ ಇತ್ತು. ಕೈ ಜೋಡಿಸಿ ಕೂತ ಬುದ್ಧನ ಆಕಾರದ್ದೆಂದು ಅದನ್ನು ಎಲ್ಲಕ್ಕಿಂತ ಕೊನೆಗೆ ಇಡುತ್ತಾರೆ, ಅತಿ ಹತ್ತಿರದವರ ಕೈಯಿಂದಲೇ ಇಡಿಸುತ್ತಾರೆ. ಸುಡುಗಾಡಿನಲ್ಲಿ ಅದನ್ನಿಟ್ಟವಳು ಅವಳೇ. ಎತ್ತಿಕೊಂಡಳು. ಒಣಗಿದ ಸುಣ್ಣದ ಹರಳಿನಷ್ಟು ಹಗುರವಾಗಿತ್ತು. ಗಂಟು ಮೊದಲಿದ್ದ ಹಾಗೆಯೇ ಕಟ್ಟುವಷ್ಟರಲ್ಲಿ ಜಗಲಿಯಲ್ಲಿ ಶಿಗೆಝೋನ ಹೆಜ್ಜೆ ಸಪ್ಪಳ ಕೇಳಿತು. ಅವಳ ಕಪ್ಪು ಉಡುಪಿಗೆ ಜೇಬಿರಲಿಲ್ಲ. ಮೂಳೆಯನ್ನು ಬಾಯಿಗೆ ಹಾಕಿಕೊಂಡಳು.

ಶಿಗೆಝೋ ಬಟ್ಟೆ ಹಾಸಿ, ಭರಣಿಯನ್ನು ನಡುವೆ ಇಟ್ಟು, ಮೂಲೆಗಳನ್ನು ಕಟ್ಟಿದ. ಬಾಗಿಲ ತನಕ ಹೋದವನು ನಿಂತ. ಅಷ್ಟು ಹೊತ್ತಿಗೆ ಅವನ ಸಿಟ್ಟು ಸ್ವಲ್ಪ ಇಳಿದಿತ್ತು.

"ಅವರನ್ನ ಓಡಿಸಿದ್ದು ನೋಡ್ದೆ" ಎಂದ. "ತಮೋತ್ಸುಗೆ ನೀನಂದ್ರೆ ಜೀವ. ನಂಗೂ ಗೊತ್ತು. ಇಗರ್ಜಿ ಬಿಟ್ಟೆ ಅಂತ ಒಂದು ಮಾತು ಹೇಳು ಸಾಕು. ಹೆಸರು ಕೆತ್ತಿಸ್ತೀನಿ. ಒಂದೇ ಮಾತು, ಕಿನುಯೊ."

ಮೂಳೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬೂದಿಯ ರುಚಿ. ಉಗುಳಿ ಆ ಮಾತು ಹೇಳಿದರೆ ಅವಳು ಆಸೆಪಟ್ಟ ಜಾಗ ಸಿಗುತ್ತಿತ್ತು. ಆದರೆ ಅದು ಶಿಗೆಝೋ ಕೊಟ್ಟ ಜಾಗ. ನಾಳೆ ಮತ್ತೆ ಕಿತ್ತುಕೊಳ್ಳಬಹುದಾದ್ದು. ಬಾಯೊಳಗಿದ್ದುದು ಅವಳ ಗಂಡ. ಕಿನುಯೊ ಹಣೆ ಚಾಪೆಗೆ ತಾಗುವಂತೆ ಬಾಗಿದಳು, ಬಾಗಿಯೇ ಇದ್ದಳು.

"ನಿನ್ನ ಹಟ ನಿಂಗೆ" ಎಂದು ಅವನು ಭರಣಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, ಮುಗ್ಗರಿಸದಂತೆ ಎಚ್ಚರದಿಂದ ಮೆಟ್ಟಿಲಿಳಿದ. ಕಾರು ಸೇತುವೆಯ ಬಳಿ ತಿರುಗುವವರೆಗೂ ಅವಳು ಬಾಯಿ ತೆರೆಯಲಿಲ್ಲ.