ಗುಂಡ ಬಾಯಿ ತೆರೆದದ್ದು

ಗುಂಡ ಜಪ್ಪಯ್ಯ ಎಂದರೂ ಬಾಯಿ ತೆರೆಯುತ್ತಿರಲಿಲ್ಲ. ಆರು ತಿಂಗಳು ತುಂಬಿ ಹದಿನೆಂಟು ದಿನವಾಗಿತ್ತು. ಕ್ಯಾರೆಟ್ ಬೇಯಿಸಿ ಹಿಸುಕಿದ್ದಾಯಿತು, ಬಾಳೆಹಣ್ಣು ಕಿವುಚಿದ್ದಾಯಿತು, ಗಂಜಿ ಸೋಸಿದ್ದಾಯಿತು. ಚಮಚ ಹತ್ತಿರ ಬಂದರೆ ಸಾಕು, ತುಟಿ ಎರಡೂ ಒಳಗೆ ಹೋಗಿ ಬಾಯಿಗೆ ಬೀಗ. ಹೇಗೋ ಒಂದಿಷ್ಟು ಒಳಗೆ ಸೇರಿಸಿದರೆ ನಾಲಗೆಯಿಂದ ಹೊರಗೆ ನೂಕಿ, ಇದೆಲ್ಲ ಯಾಕೆ ಬೇಕಿತ್ತು ನಿನಗೆ ಎನ್ನುವ ಹಾಗೆ ಅಮ್ಮನ ಮುಖ ನೋಡುತ್ತಿದ್ದ. ಗೋಡೆಯ ಮೇಲೆ ಕ್ಯಾರೆಟ್ಟು, ಅಮ್ಮನ ತಲೆಗೂದಲಲ್ಲಿ ಕ್ಯಾರೆಟ್ಟು, ಅವನ ಹೊಟ್ಟೆಯಲ್ಲಿ ಮಾತ್ರ ಒಂದು ಚೂರೂ ಇಲ್ಲ.

ಬೇರೆ ಯಾರಾದರೂ ಆಗಿದ್ದರೆ, ಹಸಿವಾದಾಗ ತಿಂದಾನು ಬಿಡು ಎಂದು ಸುಮ್ಮನಾಗಬಹುದಿತ್ತು. ಇವಳಿಗೆ ಆ ಪುಣ್ಯ ಎಲ್ಲಿಂದ ಬರಬೇಕು? ಇವಳು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಸೋಮವಾರಕ್ಕೆ ರಜೆ ಮುಗಿಯುತ್ತಿತ್ತು. ಬೀದಿಯ ಕೊನೆಯ ಶಿಶುವಿಹಾರದ ಆಯಾ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು: "ಬಾಟಲಿ ಹಾಲೂ ಬೇಡ, ಚಮಚಾನೂ ಬೇಡ ಅಂದ್ರೆ ಬೆಳಗ್ಗೆಯಿಂದ ಸಂಜೆವರೆಗೂ ನಾನು ಏನ್ ಕೊಡ್ಲಮ್ಮಾ, ಗಾಳಿನಾ? ತಿನ್ನೋದು ಕಲ್ತ ಮೇಲೆ ಕರ್ಕೊಂಡು ಬಾ." ಸೋಮವಾರ ಕೌಂಟರಿನಲ್ಲಿ ಇವಳು ಕೂರದಿದ್ದರೆ ಇನ್ನೊಬ್ಬಳು ಕೂರುತ್ತಾಳೆ. ಮೇಲಧಿಕಾರಿ ಇಷ್ಟನ್ನು ಹೇಳುವುದಕ್ಕೆಂದೇ ಎರಡು ಸಲ ಫೋನ್ ಮಾಡಿದ್ದ.

ಮಗುವಿನ ಅಪ್ಪ? ಇದ್ದಾನೆ, ಎಲ್ಲೋ, ಇನ್ನೊಬ್ಬಳ ಜೊತೆ. ಆ ಮಹಾನುಭಾವನ ಸುದ್ದಿ ಇಷ್ಟು ಸಾಕು. ದೂರದ ಊರಿನಲ್ಲಿ ಅಕ್ಕ ಒಬ್ಬಳಿದ್ದಳು. ವಾರಕ್ಕೊಮ್ಮೆ ಫೋನ್ ಮಾಡಿ "ಊಟ ಆಯ್ತೇನೇ?" ಎನ್ನುವಳು, ಉತ್ತರಕ್ಕೆ ಕಾಯದೆ ತನ್ನ ಸೊಂಟನೋವಿನ ಕಥೆಗೆ ಇಳಿಯುವಳು. ಆಮೇಲೆ ಮನೆಯಲ್ಲಿ ಉಳಿಯುತ್ತಿದ್ದದ್ದು ಇವರಿಬ್ಬರು, ಮತ್ತು ನಲ್ಲಿಯ ಸದ್ದು. ಒಂದೊಂದು ದಿನ ಇವಳು ಸಂಜೆಯವರೆಗೂ ದೊಡ್ಡವರ ಮಾತು ಒಂದನ್ನೂ ಆಡಿರುತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಇವಳು ಮಗುವನ್ನು ಎತ್ತಿಕೊಂಡು ಶಿಶುವಿಹಾರಕ್ಕೆ ಹೋದಳು. ಒಂದು ವಾರದ ಮಟ್ಟಿಗೆ ಕಣ್ಣು ಮುಚ್ಚಿಕೊಂಡು ಸೇರಿಸಿಕೊಳ್ಳಿ ಎಂದು ಕಾಲು ಹಿಡಿಯುವುದಷ್ಟೇ ಬಾಕಿ. ಆಯಾ ಊಟಕ್ಕೆ ಕೂತಿದ್ದಳು. ಗಿಡ್ಡ ಮೇಜಿನ ಸುತ್ತ ನಾಲ್ಕು ಮಕ್ಕಳು, ನಡುವೆ ಆ ದಪ್ಪ ಹೆಂಗಸು, ಕೈಯಲ್ಲಿ ಬ್ರೆಡ್ಡು. "ಕೂತ್ಕೋಮ್ಮಾ, ತಿಂದು ಮಾತಾಡ್ತೀನಿ" ಎಂದಳು. ಇವಳು ಎದುರಿಗೆ ಕೂತು ಗುಂಡನನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಗುಂಡ ಗರಬಡಿದವನಂತೆ ಆಯಾಳ ಬಾಯನ್ನೇ ನೋಡತೊಡಗಿದ. ಬ್ರೆಡ್ಡು ಮೇಲೆ ಹೋದರೆ ಕಣ್ಣೂ ಮೇಲೆ. ಅವಳು ಅಗಿದರೆ ಇವನ ಹಲ್ಲಿಲ್ಲದ ದವಡೆಯೂ ಮೇಲೆ ಕೆಳಗೆ ಆಡುತ್ತದೆ! ಜೊಲ್ಲು ಅಂಗಿಯವರೆಗೆ ಇಳಿಯಿತು. ಕೊನೆಗೆ ಇಡೀ ಮೈಯನ್ನು ಮುಂದಕ್ಕೆ ಚಾಚಿ, ಹದಿನೆಂಟು ದಿನ ಬೀಗ ಹಾಕಿದ್ದ ಬಾಯನ್ನು ಅಗಲಕ್ಕೆ ತೆರೆದ.

ಇವಳು ಅವನನ್ನು ಹಿಂದಕ್ಕೆ ಎಳೆದುಕೊಂಡಳು. ಇಷ್ಟು ದಿನ ನಾನು ಗೋಗರೆದೆ, ಈಗ ಈ ಹೆಂಗಸಿನ ಒಣ ಬ್ರೆಡ್ಡಿಗೆ ಬಾಯಿ ಬಿಡ್ತಿದೀಯಲ್ಲೋ, ದ್ರೋಹಿ!

ಆಯಾ ಅಗಿಯುವುದನ್ನು ನಿಲ್ಲಿಸಿದಳು. "ಮನೇಲಿ ನೀನು ಎಲ್ಲಿ ಕೂತು ಊಟ ಮಾಡ್ತೀಯಾ?"

"ಕೂತು... ಕೂರಲ್ಲ. ಅಡುಗೆಮನೇಲಿ ನಿಂತ್ಕೊಂಡೇ ತಿಂದ್ಬಿಡ್ತೀನಿ."

"ಆಗ ಇವನು?"

"ಈಚೆ ಕೋಣೇಲಿ ಮಲಗಿರ್ತಾನೆ."

"ಇನ್ಯಾರಾದ್ರೂ ಮನೆಗೆ ಬಂದು ಹೋಗೋರು, ತಿನ್ನೋರು?"

ಇವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ಅಯ್ಯೋ ನಿನ್ನ! ಮತ್ತೆ ಬಾಯಿ ಇರೋದು ಇದಕ್ಕೆ ಅಂತ ಇವನಿಗೆ ಹೇಗಮ್ಮಾ ಗೊತ್ತಾಗ್ಬೇಕು? ಒಂದು ಜೀವ ತಿನ್ನೋದನ್ನ ಇವನು ಕಣ್ಣಾರೆ ನೋಡೇ ಇಲ್ಲ."

ಮರೆಯಲ್ಲಿ ನಿಂತು ತಿನ್ನುವುದು ಇವಳಿಗೆ ಹನ್ನೊಂದು ವರ್ಷದ ಅಭ್ಯಾಸ. ಟಿಕೆಟ್ ಕೊಡುವವರು ಪ್ರಯಾಣಿಕರ ಕಣ್ಣಿಗೆ ಬೀಳುವಂತೆ ತಿನ್ನಬಾರದು. ತಿಂದರೆ ಸಾಲಿನಲ್ಲಿ ಯಾರಾದರೊಬ್ಬರು, ನಾವಿಲ್ಲಿ ನಿಂತು ಸಾಯ್ತಿದೀವಿ, ಅಲ್ಲಿ ನೋಡಿ ಭೋಜನ, ಎಂದು ಕೂಗುತ್ತಾರೆ. ಅದಕ್ಕೇ ಕಡತದ ಬೀರುವಿನ ಮರೆಯಲ್ಲಿ, ಗಾಜಿಗೆ ಬೆನ್ನು ಮಾಡಿ, ಡಬ್ಬಿಯನ್ನು ಎದೆಗವಚಿಕೊಂಡು ಐದು ನಿಮಿಷದಲ್ಲಿ ನುಂಗಿ ಬರುವುದು. ಮನೆಯಲ್ಲಿ ಗಾಜೂ ಇರಲಿಲ್ಲ, ಸಾಲೂ ಇರಲಿಲ್ಲ. ಆದರೂ ಇವಳು ಗೋಡೆಗೆ ಮುಖ ಮಾಡಿಯೇ ತಿನ್ನುತ್ತಿದ್ದಳು. ಕೂತು ತಿನ್ನು ಎಂದು ಹೇಳುವವರಾದರೂ ಯಾರಿದ್ದರು?

ಮನೆಗೆ ಬಂದವಳೇ ಊಟದ ಮೇಜಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಹಾಸಿಗೆಗೆ ಎಸೆದಳು. ಆಲೂಗಡ್ಡೆ ಬೇಯಿಸಿ, ಅವನ ಬಟ್ಟಲಿಗೆ ಒಂದಿಷ್ಟು ನುಣ್ಣಗೆ ಹಿಸುಕಿ ಹಾಕಿ, ತನ್ನ ತಟ್ಟೆಗೆ ಉಪ್ಪು ಉದುರಿಸಿಕೊಂಡಳು. ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ ಎದುರಿಗೆ ಕೂತಳು.

ಮೊದಲ ತುತ್ತು ಬಾಯಿಗಿಟ್ಟಳು. ಆ ಎರಡು ಕಣ್ಣುಗಳು ಬಾಯಿಗೇ ಅಂಟಿಕೊಂಡಿದ್ದವು. ಹಲ್ಲು ಕೂಡ ಬಾರದ ಮಗುವಿನ ಎದುರು ತಿನ್ನುವುದಕ್ಕೆ ಇಷ್ಟು ನಾಚಿಕೆಯೇ! ತನ್ನನ್ನು ತಾನೇ ಬೈದುಕೊಂಡು, ಬಾಯನ್ನು ಅಗಲಿಸಿ ಅಗಲಿಸಿ ಅಗಿದಳು. ಗುಂಡನ ದವಡೆ ಆಡಿತು. ಮೂರನೆಯ ತುತ್ತಿಗೆ ಅವನ ಬಾಯಿ ತೆರೆಯಿತು. ಇವಳು ಚಮಚ ಇಟ್ಟಳು. ಅವನು ಮುಖ ಸಿಂಡರಿಸಿದ, ಯೋಚಿಸಿದ, ನುಂಗಿದ.

"ನುಂಗ್ದಾ! ನನ್ನ ಬಂಗಾರ, ನುಂಗಿದ್ಯೇನೋ!" ಗೋಡೆಗಳಿಗೆಲ್ಲ ಕೇಳುವ ಹಾಗೆ ಕೂಗಿಬಿಟ್ಟಳು.

ಎರಡನೆಯ ಚಮಚಕ್ಕೆ ಮತ್ತೆ ಬೀಗ. ಏನು ಮಾಡಲೂ ತೋಚದೆ ತನ್ನ ತಟ್ಟೆಯಿಂದ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ತಕ್ಷಣ ಗುಂಡ ಬಾಯಿ ತೆರೆದ. ಮತ್ತೆ ಇವಳು ತಿಂದಳು, ಮತ್ತೆ ಅವನು ತೆರೆದ. ಬೇಕೆಂದೇ ಇವಳು ಒಮ್ಮೆ ತಿನ್ನದೆ ಕೂತರೆ ಅವನೂ ಕಾದು ಕೂತ. ಇವಳ ತಟ್ಟೆ, ಇವಳ ಬಾಯಿ, ಮತ್ತೆ ತಟ್ಟೆ, ಹೀಗೆ ಕಣ್ಣಾಡಿಸುತ್ತ, ಸಿಟ್ಟಿನಿಂದ ಮೇಜನ್ನು ಬಡಿದ.

ಸೋಮವಾರ ಹೇಗೋ ನಡೆಯುತ್ತದೆ, ಆಯಾ ಎದುರಿಗೆ ಕೂತು ತಿಂದರೆ ಇವನು ತಿನ್ನುತ್ತಾನೆ, ಕೆಲಸ ಉಳಿಯಿತು. ಇದೆಲ್ಲ ಇವಳಿಗೆ ಹೊಳೆಯಿತು, ಸಮಾಧಾನವೂ ಆಯಿತು. ಆದರೆ ಕಣ್ಣಲ್ಲಿ ನೀರು ಬಂದದ್ದು ಅದಕ್ಕಲ್ಲ. ಇವಳು ಒಂದು ತುತ್ತು ತಿಂದಳೋ ಬಿಟ್ಟಳೋ ಎಂದು ನೋಡುತ್ತ ಒಬ್ಬರು ಎದುರಿಗೆ ಕೂತು ಎಷ್ಟು ಕಾಲವಾಗಿತ್ತು! ಅಳುತ್ತಲೇ ಅಗಿದಳು, ಅಗಿಯುತ್ತಲೇ ಅತ್ತಳು. ಗುಂಡ ಅದನ್ನೂ ಊಟದ ಪದ್ಧತಿಯೆಂದು ತಿಳಿದವನಂತೆ ತಾನೂ ಮೂಗು ಸುಕ್ಕು ಮಾಡಿದ.

ತಟ್ಟೆ ಖಾಲಿಯಾಯಿತು. ಇವಳ ಹೊಟ್ಟೆ ಬಿರಿಯುವಷ್ಟು ತುಂಬಿತ್ತು. ಗುಂಡನ ಬಟ್ಟಲಿನಲ್ಲಿ ಇನ್ನೂ ಎರಡು ಚಮಚ ಉಳಿದಿತ್ತು, ಅವನು ತುಟಿ ಬಿಗಿದು ಇವಳ ಬಾಯನ್ನೇ ನೋಡುತ್ತಿದ್ದ.

"ತಿಂತೀನಿ ಕಣೋ, ತಿಂತೀನಿ" ಎಂದು ಇವಳು ಪಾತ್ರೆಯಲ್ಲಿದ್ದ ಕೊನೆಯ ಆಲೂಗಡ್ಡೆಯನ್ನು ತಟ್ಟೆಗೆ ಹಾಕಿಕೊಂಡಳು.