ಜಂತುವಿನ ಕೋರೆಹಲ್ಲು

ನಮ್ಮ ಜಗಳಕ್ಕೆಲ್ಲ ಮೂಲ ಒಂದು ಬಾಗಿಲು. ‘ಏಳನೇ ಡೆಕ್’ ಅನ್ನುವ ಭಯಾನಕ ಸಿನಿಮಾ ಸರಣಿಯ ಮೂರನೇ ಭಾಗದಲ್ಲಿ, ಜಂತುವನ್ನು ಕೂಡಿಹಾಕಿದ ಕೋಣೆಯ ಬಾಗಿಲನ್ನು ಆಕಾಶನೌಕೆಯ ಯಂತ್ರಮಾನವ ತಾನೇ ತೆರೆಯುತ್ತಾನೆ. ಯಾಕೆ ತೆರೆದ ಎಂದು ಸಿನಿಮಾ ಹೇಳುವುದಿಲ್ಲ. ಕಂಪನಿಯ ಆಜ್ಞೆ ಎಂದು ನಾನು. ಅಲ್ಲ, ಒಂಟಿತನ ಎಂದು ಗಾರೆಯವರು. ಮೂರು ವರ್ಷವಾಯಿತು, ಇನ್ನೂ ಇತ್ಯರ್ಥವಾಗಿಲ್ಲ.

ಗಾರೆಯವರು ಅನ್ನುವುದು ನಾನಿಟ್ಟ ಹೆಸರು, ಈಗ ಎಲ್ಲರ ಬಾಯಲ್ಲೂ ಅದೇ. ಅವರು ಮನೆ ಕಟ್ಟುವವರಲ್ಲ. ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ನಾವಿಬ್ಬರೂ ಕಟ್ಟುವುದು ಹಲ್ಲಿನ ಸೆಟ್ಟು. ಪ್ಲಾಸ್ಟರ್ ಕಲಸಿ ರೋಗಿಯ ವಸಡಿನ ಪಡಿಯಚ್ಚು ಮಾಡುವುದು ಅವರ ಕೆಲಸ. ಅದರ ಮೇಲೆ ಗುಲಾಬಿ ಮೇಣದಲ್ಲಿ ಹಲ್ಲು ಕೂರಿಸುವುದು ನನ್ನದು. ಗೋಡೆಯಲ್ಲೊಂದು ಸಣ್ಣ ಕಿಟಕಿ, ಅದರಾಚೆ ಡಾಕ್ಟರಮ್ಮ. ಅವರಿಗೆ ಜಂತು ಅಂದರೆ ಹೊಟ್ಟೆಹುಳು ಮಾತ್ರ.

ಕಳೆದ ತಿಂಗಳು ಮಾತಿನ ಭರದಲ್ಲಿ ಗಾರೆಯವರು ಒಬ್ಬರ ಅಚ್ಚಿಗೆ ಇನ್ನೊಬ್ಬರ ಚೀಟಿ ಅಂಟಿಸಿಬಿಟ್ಟರು. ಡಾಕ್ಟರಮ್ಮ ಕಿಟಕಿಯಲ್ಲಿ ತಲೆ ತೂರಿಸಿ, "ಇನ್ನೊಂದು ತಪ್ಪಾದ್ರೆ ನಿಮ್ಮಲ್ಲಿ ಒಬ್ರನ್ನ ಸೇತುವೆ ಆಚೆ ನಮ್ಮ ಇನ್ನೊಂದು ಕ್ಲಿನಿಕ್ಕಿಗೆ ಹಾಕ್ತೀನಿ" ಎಂದರು. ಹೇಳಿಯೇ ಬಿಡುತ್ತೇನೆ: ನನಗೆ ಗಾರೆಯವರು ಇಷ್ಟ. ಮೂವತ್ತೆಂಟು ವರ್ಷದ ನಾನು ಬೆಳಗ್ಗೆ ಎದ್ದುಬಿದ್ದು ಕೆಲಸಕ್ಕೆ ಓಡುವುದು ಹಲ್ಲಿನ ಮೇಲಿನ ಪ್ರೀತಿಗಲ್ಲ. ವಸಡು ನೋಡಿ ವಯಸ್ಸು ಹೇಳುವ ಈ ಮಹಾಶಯರಿಗೆ ಎದುರಿಗೆ ಕೂತವಳ ಮುಖ ಓದಲು ಮಾತ್ರ ಬರುವುದಿಲ್ಲ.

ಬಾಯಿಗೆ ಬೀಗ ಹಾಕಿಕೊಂಡು ಒಂಬತ್ತು ದಿನ ತಳ್ಳಿದೆವು. ಹತ್ತನೆಯ ದಿನ ಅವರೇ ಕೆಣಕಿದರು.

"ಜಂತು ಏನನ್ನೂ ತಿನ್ನಲ್ಲ. ಐದು ಭಾಗದಲ್ಲೂ ಅದಕ್ಕೆ ಹೊಟ್ಟೇನೇ ತೋರಿಸಿಲ್ಲ."

"ಮತ್ತೆ ಎರಡು ಗಂಟೇಲಿ ಆಳೆತ್ತರ ಹೇಗೆ ಬೆಳೆಯುತ್ತೆ? ಗಾಳಿ ಕುಡ್ಕೊಂಡಾ?" ಎಂದೆ. "ಪಕ್ಕಕ್ಕೆ ಮೂರು ಮೂರು ಕೋರೆ ಇದೆ. ಹರ್ಕೊಂಡು ತಿನ್ನೋಕಲ್ದೆ ಯಾಕೆ?"

"ಕೋರೆ ಇದ್ರೆ ಸಾಕಾ? ನಿಮ್ಮ ಹಾಗೆ ಕಚ್ಚೋಕೂ ಬರ್ಬೇಕಲ್ಲ."

ಮೇಲೆ ಉರಿದುಬಿದ್ದೆ, ಒಳಗೊಳಗೇ ಉಬ್ಬಿಹೋದೆ. ಕೈ ತನ್ನ ಪಾಡಿಗೆ ಹಲ್ಲು ಕೂರಿಸುತ್ತಿತ್ತು. ಸಂಜೆ ಆ ಸೆಟ್ಟು ಕಿಟಕಿ ದಾಟಿ ಹೋಯಿತು.

ಮರುದಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಟೀಚರಮ್ಮ ಕೂತಿದ್ದರು. ಮೇಣದ ಸೆಟ್ಟನ್ನು ಬಾಯಿಗಿಟ್ಟು ಅಳತೆ ನೋಡುವ ದಿನ. ಫೋನಿನಲ್ಲಿ ಮಾತಾಡುತ್ತಲೇ ಸೆಟ್ಟನ್ನು ಕೂರಿಸಿದ ಡಾಕ್ಟರಮ್ಮ, ಅವರ ಬಾಯಿ ನೋಡಿದ್ದೇ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಕಿಟಕಿಯಲ್ಲಿ ಇಣುಕಿದೆ. ಎರಡೂ ಪಕ್ಕ ಮೂರು ಮೂರು ಕೋರೆಹಲ್ಲು. ಎಂಬತ್ತರ ಅಜ್ಜಿಗೆ ಜಂತುವಿನ ನಗು ಬಂದಿತ್ತು.

"ಯಾರು ಮಾಡಿದ್ದು ಇದು?"

"ನಾನು," ಎಂದೆವು ಇಬ್ಬರೂ. ಗಾರೆಯವರಿಗೆ ಒಂದು ಹಲ್ಲು ಕೂರಿಸಲೂ ಬರುವುದಿಲ್ಲ ಎಂಬುದು ಇಡೀ ಕಟ್ಟಡಕ್ಕೆ ಗೊತ್ತು.

ಟೀಚರಮ್ಮ ಕನ್ನಡಿಯನ್ನು ಆಚೀಚೆ ತಿರುಗಿಸಿ ನೋಡಿಕೊಂಡರು. "ಇದು ಮರಿಯ ಬಾಯಿ. ದೊಡ್ಡದಕ್ಕೆ ನಾಲ್ಕು ನಾಲ್ಕು ಕೋರೆ. ಎರಡನೇ ಭಾಗ ಸರಿಯಾಗಿ ನೋಡಿ," ಎಂದರು.

"ಅದು ತಿನ್ನೋಕಾ ಮೇಡಂ?" ಗಾರೆಯವರಿಗೆ ತಡೆಯಲಾಗಲಿಲ್ಲ.

"ತಿನ್ನೋಕಲ್ಲಪ್ಪ, ಮೊಟ್ಟೆ ಸಾಗಿಸೋಕೆ. ಬೆಕ್ಕು ಮರಿ ಕಚ್ಕೊಂಡು ಹೋಗಲ್ವಾ, ಹಾಗೆ."

ಮೂರು ವರ್ಷ ಬಾಯಿ ಬಡಿದುಕೊಂಡ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ. ಖುಷಿಗೆ ನಾನು ಕಿಟಕಿಯ ಚೌಕಟ್ಟು ಗುದ್ದಿದೆ.

"ಸಾಕು," ಎಂದರು ಡಾಕ್ಟರಮ್ಮ. "ಸೋಮವಾರದಿಂದ ಗಾರೆಯವ್ರು ಸೇತುವೆ ಆಚೆ. ಹಲ್ಲು ಕೂರಿಸೋರು ನನಗೆ ಇಲ್ಲೇ ಬೇಕು."

ಖುಷಿಯೆಲ್ಲ ಜರ್ರನೆ ಇಳಿಯಿತು. ಟೀಚರಮ್ಮನಿಗೆ ಅದ್ಯಾವುದೂ ಕೇಳಿಸಿದಂತಿರಲಿಲ್ಲ. "ಮೂರನೇ ಭಾಗದ ಆ ಬಾಗಿಲಿನ ವಿಷ್ಯದಲ್ಲಿ ನೀನು ಯಾವ ಪಕ್ಷನಮ್ಮ?" ಎಂದು ನನ್ನನ್ನೇ ಕೇಳಿದರು.

ಇನ್ನು ಬಚ್ಚಿಟ್ಟು ಏನು ಸುಖ? "ಗಾರೆಯವ್ರು ಹೇಳೋದೇ ಸರಿ," ಎಂದೆ. "ಜಂತು ಸತ್ರೆ ಎಲ್ರೂ ಮನೆಗೆ ಹೋಗ್ಬಿಡ್ತಾರೆ. ಆಮೇಲೆ ಆ ಯಂತ್ರಮಾನವನ ಜೊತೆ ಮಾತಾಡೋಕೆ ಯಾರಿರ್ತಾರೆ? ಅದಕ್ಕೇ ತೆರೆದ. ನನಗಿದು ಮೊದಲ್ನೇ ವಾರಾನೇ ಗೊತ್ತಿತ್ತು."

"ಮತ್ತೆ ಮೂರು ವರ್ಷ ನನ್ನ ತಲೆ ತಿಂದಿದ್ದು?" ಎಂದರು ಗಾರೆಯವರು.

"ಒಪ್ಕೊಂಡಿದ್ರೆ ನೀವು ಮಾರನೇ ದಿನವೇ ಮಾತು ಬಿಟ್ಟು ರೇಡಿಯೋ ಹಾಕ್ಕೊಂಡು ಕೂತಿರ್ತಿದ್ರಿ."

ಟೀಚರಮ್ಮ ಡಾಕ್ಟರಮ್ಮನ ಕಡೆ ತಿರುಗಿದರು. "ಸೆಟ್ಟು ಹೊಸದಾಗಿ ಮಾಡ್ಲಿ. ಆದ್ರೆ ಇಬ್ರೂ ಆ ಹಿಂದಿನ ರೂಮಲ್ಲೇ ಕೂತು ಮಾಡ್ಬೇಕು. ಇಲ್ದಿದ್ರೆ ಇದನ್ನೇ ಹಾಕ್ಕೊಂಡು ಹೊರಗೆ ಕಾಯ್ತಾ ಕೂತಿರೋ ಒಬ್ಬೊಬ್ರಿಗೂ ನಕ್ಕು ತೋರಿಸ್ತೀನಿ."

ಡಾಕ್ಟರಮ್ಮ ಹೊರಗಿನ ಬೆಂಚುಗಳ ಕಡೆ ಒಮ್ಮೆ ನೋಡಿದರು. ಕಿಟಕಿ ಮುಚ್ಚಿದರು. ಅವರು ಸೋಲೊಪ್ಪುವ ರೀತಿಯೇ ಅದು.

ಗಾರೆಯವರು ಕಲಸಿದ ಪ್ಲಾಸ್ಟರಿನ ಬಟ್ಟಲು ಹಿಡಿದು ನಿಂತೇ ಇದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಬಟ್ಟಲನ್ನೂ ಕೆಡಿಸಿದವರಲ್ಲ. ಈಗ ಚಮಚ ಎಳೆದರೆ ಬರಲಿಲ್ಲ, ಪ್ಲಾಸ್ಟರ್ ಕಲ್ಲಾಗಿತ್ತು.

"ಇನ್ನು ನಾಳೆಯಿಂದ ಏನಂತ ಜಗಳ ಆಡೋದು?" ಎಂದರು, ಬಟ್ಟಲನ್ನೇ ನೋಡುತ್ತ.

"ದೊಡ್ಡದಕ್ಕೆ ನಾಲ್ಕು ಕೋರೆ ಅನ್ನೋದನ್ನ ನಾನು ಒಪ್ಪಲ್ಲ," ಎಂದೆ.

ಅವರ ಮುಖ ಕಿವಿಯವರೆಗೂ ಕೆಂಪಾಯಿತು.

"ನನಗೂ ಮೂರೇ ಅನ್ಸುತ್ತೆ," ಎಂದರು. "ಆದ್ರೆ ನಾನು ನಾಲ್ಕು ಅಂತೀನಿ."